ಫರ್ಸಿಯ ಎರಡು ತುದಿ

ಗುರುವಾರ ಮಧ್ಯಾಹ್ನ ತಾಂಡೂರು ಸ್ಟೇಷನ್ನಿನಲ್ಲಿ ಇಳಿದ ದೇವಿಕಾ ಮನೆಗೆ ಹೋಗಲಿಲ್ಲ. ಎರಡು ಸೂಟ್‌ಕೇಸು, ಒಂದು ಕುಕ್ಕರು, ಒಂದು ಹಾಸಿಗೆಸುರುಳಿ. ದೆಹಲಿಯ ಆರು ವರ್ಷದ ಸಂಸಾರ ಅಷ್ಟೇ. ಅದನ್ನೆಲ್ಲ ಆಟೋದಲ್ಲಿ ತುಂಬಿಕೊಂಡು ನೇರವಾಗಿ ಅಣ್ಣ ನರೇಶನ ಕಲ್ಲಿನ ಪಾಲಿಶ್ ಯುನಿಟ್ಟಿಗೆ ಬಂದಳು. ಅಣ್ಣ ನೆಪ ಮಾತ್ರ.

ಕಟಿಂಗ್ ಮಷೀನಿನ ಬಳಿ ಬಸವಕಿರಣ ನಿಂತಿದ್ದ. ಮೊಣಕಾಲತನಕ ಬೂದುಬಣ್ಣದ ಕೆಸರು, ರೆಪ್ಪೆಗಳ ಮೇಲೆ ಕಲ್ಲಿನ ಬಿಳಿ ಪುಡಿ. ಅವಳನ್ನು ಕಂಡು ಅವನು ಮಷೀನು ನಿಲ್ಲಿಸಲಿಲ್ಲ, ನಗಲೂ ಇಲ್ಲ. ಕಣ್ಣನ್ನು ಮಾತ್ರ ಒಮ್ಮೆ ನಿಧಾನವಾಗಿ ಮುಚ್ಚಿ ತೆರೆದ. ಪುಡಿ ಉದುರಿತು. ಎರಡು ವರ್ಷ ದಿನವೂ ಫೋನಿನಲ್ಲಿ ಕೇಳಿದ ದನಿಯ ಒಡೆಯ ಇವನೇ ಎಂದು ನಂಬಲು ಅವಳಿಗೆ ಅಷ್ಟು ಸಾಕಾಯಿತು.

"ಡೆಲ್ಲಿ ಹೊಗಿ ಬಿಟ್ಟು ಓಡಿ ಬಂದ್ರ, ನೀ ಹಿಟ್ಟಿನ ಗಿರಣ್ಯಾಗಿಂದ ಎದ್ದು ಬಂದಂಗ ನಿಂತೀಯಲ್ಲ," ಎಂದಳು.

"ತೊಳಕೊಂಡ್ರ ಕರ್ರಗ ಕಾಣ್ತೀನ್ರಿ ಮೇಡಮ್. ಹಿಂಗೇ ಇರ್ಲಿ."

ಅವಳು ಆಸ್ಪತ್ರೆಯೊಂದರ ಲ್ಯಾಬ್ ಟೆಕ್ನಿಷಿಯನ್. ದೆಹಲಿಯ ಚಳಿಗಾಲದ ಹೊಗೆಗೆ ಮೂರು ವರ್ಷದಿಂದ ಕೆಮ್ಮು ಬಿಟ್ಟಿರಲಿಲ್ಲ. ವಿಶಾಖಪಟ್ಟಣದಲ್ಲಿ ಅದೇ ಆಸ್ಪತ್ರೆಯ ಹೊಸ ಲ್ಯಾಬು ತೆರೆಯುತ್ತದೆಂದು ತಿಳಿದದ್ದೇ ವರ್ಗ ಕೇಳಿದಳು. ಬರುವ ಬುಧವಾರ ಅಲ್ಲಿ ಹಾಜರಾಗಬೇಕು. ಬಾಡಿಗೆ ಮನೆಯನ್ನೂ ಗೊತ್ತು ಮಾಡಿಯಾಗಿತ್ತು. ನವೆಂಬರಿನಲ್ಲೂ ಅಲ್ಲಿ ಬಿಸಿಲು ಹೇಗಿರುತ್ತದೆ, ಟೆರೇಸಿನಿಂದ ಸಮುದ್ರ ಎಷ್ಟು ಕಾಣುತ್ತದೆ ಎಂದೆಲ್ಲ ಹೇಳಿ, ಮಷೀನಿನ ಸದ್ದಿನ ನಡುವೆಯೇ ಕೇಳಿಬಿಟ್ಟಳು, ನನ್ನ ಜೊತೆ ಬರ್ತೀಯಾ ಎಂದು.

ನಾಳೆ ಹೇಳುತ್ತೇನೆ ಎಂದ ಕಿರಣ. ಹೂಂ ಎಂದರೆ ಜೀವನ ಪೂರ್ತಿ ತಿರುಗುವ ಮಾತು, ನಿಂತ ನಿಲುವಿನಲ್ಲಿ ಹೇಳುವುದಲ್ಲ ಎಂದ. ಅವಳು ಕೈ ಚಾಚಿ ಅವನ ರೆಪ್ಪೆಯ ಮೇಲೆ ಉಳಿದ ಪುಡಿಯನ್ನು ಬೆರಳಿನಿಂದ ಒರೆಸಿದಳು.

ಆಫೀಸಿನ ಗಾಜಿನ ಹಿಂದೆ ಕುಳಿತಿದ್ದ ನರೇಶ ಅದನ್ನು ನೋಡಿದ. ಆ ಸಂಜೆ ಮನೆಯಲ್ಲಿ ಊಟದ ತಾಟು ಗೋಡೆಗೆ ಬಡಿಯಿತು. ನನ್ನ ಹತ್ತಿರ ಕೂಲಿ ಮಾಡುವವನು, ಅದರ ಮೇಲೆ ಬೇರೆ ಜಾತಿ, ಎಂದು ಅವನು ಕೂಗಿದ. ತಾಯಿ ಬಾಳಮ್ಮ ಚೂರಾದ ರೊಟ್ಟಿ ಆರಿಸುತ್ತ ಕುಳಿತಳು. ದೇವಿಕಾ ಒಂದೇ ಮಾತು ಹೇಳಿದಳು: ಕೇಳಿದವಳು ನಾನು, ಅವನಲ್ಲ.

ಶುಕ್ರವಾರ ಬೆಳಿಗ್ಗೆ ಉತ್ತರ ಕೇಳಲು ಅವಳು ಯುನಿಟ್ಟಿಗೆ ಹೋದಾಗ ಲಾರಿಗೆ ಲೋಡಿಂಗ್ ನಡೆದಿತ್ತು.

ಫರ್ಸಿಯನ್ನು, ಅಂದರೆ ನೆಲಕ್ಕೆ ಹಾಸುವ ಚಪ್ಪಡಿಯನ್ನು, ಇಬ್ಬರು ಅಂಚಿನ ಮೇಲೆ ನಿಲ್ಲಿಸಿ ಹಿಡಿದು ಒಂದೇ ಹೆಜ್ಜೆಯಲ್ಲಿ ಒಯ್ಯುತ್ತಾರೆ. ಮುಂದಿನವನಿಗೆ ಹಿಂದಿನವನು ಕಾಣುವುದಿಲ್ಲ. ಆದ್ದರಿಂದ ಮುಂದಿನವನು "ಇಡು" ಎನ್ನುವತನಕ ಹಿಂದಿನವನು ಕೈ ಬಿಡುವಂತಿಲ್ಲ. ಬಿಟ್ಟರೆ ಕಲ್ಲು ತಿರುಚಿಕೊಂಡು ಮುಂದಿನವನ ಕಾಲಿಗೇ ಬೀಳುತ್ತದೆ. ಅಪ್ಪ-ಮಕ್ಕಳು ಜಗಳವಾಡಿದ ದಿನ ಜೋಡಿಯಾಗಿ ಕಲ್ಲು ಹಿಡಿಯುವುದಿಲ್ಲ ಅಲ್ಲಿ.

ಕಿರಣನ ಜೋಡಿ ಮುದುಕ ಸಾಯಪ್ಪ. ಆ ದಿನ ನರೇಶ ಸಾಯಪ್ಪನನ್ನು ಎದೆಗೆ ಕೈಹಚ್ಚಿ ತಳ್ಳಿ, ಹಿಂದಿನ ತುದಿಯನ್ನು ತಾನೇ ಹಿಡಿದ. ಆರಡಿಯ ಫರ್ಸಿ, ನೂರು ಕಿಲೋಗೂ ಮೇಲೆ. ಕಿರಣ ಒಂದು ಗಳಿಗೆ ನಿಂತ, ಆಮೇಲೆ ಎತ್ತಿದ.

ಲಾರಿ ಅಡ್ಡವಿತ್ತು. ದೇವಿಕಾಗೆ ಕಿರಣನ ಮುಖ ಕಂಡಿತು, ಅಣ್ಣನ ಕೈ ಕಾಣಲಿಲ್ಲ. ಮೊದಲು ಕಲ್ಲು ಬಿದ್ದ ಸದ್ದು. ಅದರೊಳಗೇ ಹಸಿ ಕಟ್ಟಿಗೆ ಮುರಿದಂಥ ಇನ್ನೊಂದು ಸದ್ದು. ಅವಳು ಓಡಿ ಹೋದಾಗ ಕಿರಣನ ಮೊಣಕಾಲ ಕೆಳಗೆ ಮೂಳೆ ಪ್ಯಾಂಟು ಹರಿದು ಹೊರಗೆ ಬಂದಿತ್ತು. ದಿನವೂ ರಕ್ತ ನೋಡುವ ಕೆಲಸ ಅವಳದು. ದುಪಟ್ಟಾ ಬಿಗಿದು ಕಟ್ಟಿದಳು, ಆಂಬುಲೆನ್ಸಿಗೆ ಫೋನ್ ಮಾಡಿದಳು. ನರೇಶ ಬೆವರು ಒರೆಸಿಕೊಳ್ಳುತ್ತ, ಅವನೇ ಕೈ ಜಾರಿಸಿದ ಎಂದು ಎಲ್ಲರಿಗೂ ಹೇಳುತ್ತಿದ್ದ.

ಆಪರೇಷನ್ ಆಗಿ ಎಚ್ಚರವಾದಾಗ ಕಿರಣನೂ ಅದನ್ನೇ ಹೇಳಿದ. ದೇವಿಕಾ ಅವನ ಕೈ ಎತ್ತಿ ನೋಡಿದಳು. ನಾಲ್ಕು ಬೆರಳಿನ ಉಗುರು ಕಿತ್ತುಹೋಗಿತ್ತು, ಅಂಗೈ ಚರ್ಮ ಸುಲಿದಿತ್ತು.

"ಜಾರಿದ ಕೈಗೆ ಹಿಂಗ ಆಗಂಗಿಲ್ಲ. ಕಡೀತನಕ ಬಿಡದೆ ಹಿಡದೋನ ಕೈ ಇದು."

ಅವನು ಕೈ ಬಿಡಿಸಿಕೊಂಡ. "ನನ್ನ ಕಾಲಿನ ಸಲುವಾಗಿ ನಿನ್ನ ತವರುಮನಿ ಬಾಗಿಲು ಮುಚ್ಚೂದು ಬ್ಯಾಡ. ನೀ ಬುಧವಾರ ಹೋಗು. ನಾ ಬರಂಗಿಲ್ಲ."

ಅವನ ಕಣ್ಣು ಅವಳ ಕಡೆಗೆ ತಿರುಗಲೇ ಇಲ್ಲ. ಅವಳಿಗೆ ಅಳು ಬರಲಿಲ್ಲ, ಸಿಟ್ಟು ಬಂತು. ಈ ಸುಳ್ಳು ನಿಂತರೆ ಅವನು ಕೈ ಜಾರಿಸುವ ಕೆಲಸಗಾರನಾಗಿ ಉಳಿಯುತ್ತಾನೆ, ತಾನು ಒಬ್ಬಳೇ ರೈಲು ಹತ್ತುತ್ತೇನೆ. ಎರಡೂ ಅವಳಿಗೆ ಬೇಡವಾಗಿತ್ತು.

ಶನಿವಾರ ಹನ್ನೊಂದಕ್ಕೆ ಅವಳು ಯುನಿಟ್ಟಿಗೆ ಹೋಗಿ ಅಣ್ಣನನ್ನು ಹೊರಗೆ ಕರೆದಳು. ರಾಶಿಯಿಂದ ನಾಲ್ಕಡಿಯ ಫರ್ಸಿಯೊಂದನ್ನು ತೋರಿಸಿ, ಹಿಂದಿನ ತುದಿ ಹಿಡಿ ಎಂದಳು. ಐವತ್ತು ಕಿಲೋದ ಕಲ್ಲು. ಅರ್ಧ ಅವಳ ಪಾಲು. ನರೇಶ ನಕ್ಕ, ಬೈದ. ಕೆಲಸದವರು ನೋಡುತ್ತಿದ್ದರು. ಕೊನೆಗೆ ಹಿಡಿದ.

ಅವಳು ಅಣ್ಣನಿಗೆ ಬೆನ್ನು ಕೊಟ್ಟು ಇಪ್ಪತ್ತು ಹೆಜ್ಜೆ ನಡೆದು ಅಂಗಳದ ನಡುವೆ ನಿಂತಳು. ಒಂದೊಂದಾಗಿ ಮಷೀನು ನಿಂತವು.

"ಈಗ ಬಿಡು ಅಣ್ಣಾ. ನಿನ್ನೆ ಬಿಟ್ಟಂಗ ಬಿಡು. ನನ್ನ ಕಾಲು ಇಲ್ಲೇ ಅದ."

ಹುಚ್ಚು ಹಿಡಿದಿದೆಯೇನು, ಇಡು ಅನ್ನು ಎಂದ ನರೇಶ. ಅವಳು ಅನ್ನಲಿಲ್ಲ. ಕಲ್ಲಿನ ಅಂಚು ಅಂಗೈ ಕೊಯ್ಯುತ್ತಿತ್ತು. ರಕ್ತ ಬೆರಳುಗಳ ಮೇಲೆ ಇಳಿದು ನೆಲಕ್ಕೆ ಹನಿಯತೊಡಗಿತು. ತೋಳು ನಡುಗಿತು, ಭುಜ ಸೆಟೆದುಕೊಂಡಿತು. ಹಿಂದೆ ಅಣ್ಣನ ಉಸಿರು ಜೋರಾಯಿತು. ಮುಂದೆ ಬಂದ ಸಾಯಪ್ಪನನ್ನು ಅವಳು ಕಣ್ಣಿನಿಂದಲೇ ತಡೆದಳು.

"ತಂಗೀ, ಇಡು ಅನ್ನು. ನಿನ್ನ ಕಾಲ್ ಹೋಗ್ತದ."

"ಅವನ ಕಾಲು ಹ್ಯಾಂಗ ಹೋತು?"

ನರೇಶ ಕಲ್ಲನ್ನು ಇನ್ನೂ ಬಿಗಿಯಾಗಿ ಹಿಡಿದ.

"ನಾನೇ ಬಿಟ್ಟೆ."

"ಎಲ್ಲಾರಿಗೂ ಕೇಳಂಗ ಹೇಳು."

"ನಾನೇ ಬೇಕಂತ ಬಿಟ್ಟೆ," ನರೇಶ ಕಿರುಚಿದ. ಕಿರುಚಿ ಅಳತೊಡಗಿದ.

"ಇಡು," ಎಂದಳು ದೇವಿಕಾ. ಕಲ್ಲು ಒಡೆಯದೆ ನೆಲಕ್ಕಿಳಿಯಿತು. ಅವನು ಅವಳ ಕೈ ಹಿಡಿಯಲು ಬಂದಾಗ ಅದೇ ಕೈಯಿಂದ ಕಪಾಳಕ್ಕೆ ಹೊಡೆದಳು. ಐದು ಬೆರಳೂ ಅಣ್ಣನ ಕೆನ್ನೆಯ ಮೇಲೆ ಕೆಂಪಗೆ ಮೂಡಿದವು.

ಭಾನುವಾರ ಬೆಳಿಗ್ಗೆ ಬಾಳಮ್ಮ ಆಸ್ಪತ್ರೆಗೆ ಬಂದು, ಮಗನ ಮೇಲೆ ಕೇಸು ಬೇಡ ಎಂದು ಕಿರಣನ ಮಂಚದ ಕಾಲು ಹಿಡಿದು ಕುಳಿತಳು. ದೇವಿಕಾ ಬಾಗಿಲ ಬಳಿ ಸರಿದು ನಿಂತಳು. ಮುರಿದ ಕಾಲು ಕಿರಣನದು, ನಿರ್ಧಾರವೂ ಅವನದು.

ಸ್ವಲ್ಪ ಹೊತ್ತಿಗೆ ಹೆಡ್ ಕಾನ್‌ಸ್ಟೇಬಲ್ ಶಿವಾಜಿ ಹೇಳಿಕೆ ಬರೆದುಕೊಳ್ಳಲು ಬಂದ. ಕಿರಣ ಆಗಲೇ ಸಾಯಪ್ಪನ ಬಾಯಿಂದ ಎಲ್ಲ ಕೇಳಿದ್ದ. ಅವಳ ಅಂಗೈಯ ಬ್ಯಾಂಡೇಜನ್ನು ನೋಡಿದ, ಬಾಳಮ್ಮನನ್ನು ನೋಡಿದ.

"ತಪ್ಪು ತಿಳೀಬ್ಯಾಡ್ರಿ ಅಮ್ಮಾ. ಇನ್ನ ನಾ ಸುಳ್ಳು ಹೇಳಾಕ ಆಗಂಗಿಲ್ಲ," ಎಂದು ನಡೆದದ್ದನ್ನು ನಡೆದ ಹಾಗೇ ಹೇಳಿದ.

ಶಿವಾಜಿ ಬರೆದು ಮುಗಿಸಿ, ಪೆನ್ನಿನಿಂದ ದೇವಿಕಾಳ ಕಡೆ ತೋರಿಸಿ, ಈಕಿ ನಿಮಗೇನಾಗಬೇಕು ಎಂದು ಕೇಳಿದ.

ಆಪರೇಷನ್ ಆದಮೇಲೆ ಕಿರಣ ಮೊದಲ ಸಲ ಅವಳನ್ನು ನೇರವಾಗಿ ನೋಡಿದ. "ನನ್ನ ಮದಿವಿ ಆಗಾಕಿ ರೀ. ನಂಗ ಹೆದರಿಕಿ ಇತ್ತು ದೇವಿಕಾ. ಕಲ್ಲಿಂದಲ್ಲ. ಆ ಸಮುದ್ರದೂರಾಗ ನಾ ಯಾರೂ ಅಲ್ಲ ಅಂತ."

"ಡೆಲ್ಲ್ಯಾಗ ಆರು ವರ್ಷ ನಾನೂ ಯಾರೂ ಅಲ್ಲ," ಎಂದಳು ಅವಳು. "ಇಬ್ಬರೂ ಕೂಡಿ ಯಾರೂ ಅಲ್ಲದಂಗ ಇರೂಣು."

ಶಿವಾಜಿ ಕೆಮ್ಮಿದ. ಕೋರ್ಟಿನ ನೋಟಿಸು ಮುಟ್ಟುವ ಅಡ್ರೆಸ್ ಬೇಕು ಎಂದ.

"ವಿಶಾಖಪಟ್ಟಣ ಅಂತ ಹಾಕ್ರಿ," ಎಂದ ಕಿರಣ. "ಮನಿ ನಂಬರ್ ಆಕೀಗೇ ಗೊತ್ತು."

ಅವಳು ನಂಬರು ಹೇಳಿದಳು, ಬೀದಿ ಹೇಳಿದಳು. ಅವನ ಕಾಲಿನ ಕಡೆ ನೋಡಿ ಮುಗಿಸಿದಳು: "ಮೂರನೇ ಮಹಡಿ. ಲಿಫ್ಟ್ ಇಲ್ಲ."

"ನಿಧಾನಕ್ಕ ಹತ್ತೀನಿ," ಎಂದ ಅವನು. "ಬರ್ಕೊಳ್ರಿ ಸಾಹೇಬ್ರ."