ಶಿವಪ್ರಸಾದ್ ಮೇಷ್ಟರ ಜೋಡಿಪದಗಳು

ಸಂಜೆ ಐದಕ್ಕೆ ಪ್ರಜ್ಞಾ ಹೊರಗೆ ಹೋದಾಗ ಪುಸ್ತಕ ಅಪ್ಪ ಶಿವಪ್ರಸಾದ್ ಮೇಷ್ಟರ ತಲೆದಿಂಬಿನ ಪಕ್ಕದಲ್ಲಿತ್ತು. ಏಳಕ್ಕೆ ಬಂದಾಗ ಇರಲಿಲ್ಲ. ಮೂವತ್ತು ವರ್ಷದ ಕೈಬರಹ. ಬೇರೆ ಪ್ರತಿಯಿಲ್ಲ.

ಮರುದಿನ ಬೆಳಿಗ್ಗೆ ಅಜ್ಜಂಪುರದ ಸಬ್‌ಇನ್‌ಸ್ಪೆಕ್ಟರ್ ಮಾಲಿನಿ ಅವರ ಊರಾದ ಶಿವನಿ ಹಳ್ಳಿಗೆ ಬಂದಳು. ಒಂದು ಪುಸ್ತಕಕ್ಕೆ ಜೀಪೇ, ಇದು ಗುಡ್ಡ ಅಗೆದು ಇಲಿ ಹಿಡಿದ ಹಾಗೆ ಎಂದು ಪೇದೆ ಹನುಮಂತಪ್ಪ ದಾರಿಯುದ್ದಕ್ಕೂ ಗೊಣಗಿದ. ಆದರೆ ಮಾಲಿನಿಗೆ ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸಿದವರು ಶಿವಪ್ರಸಾದ್ ಮೇಷ್ಟರೇ.

ಒಂದೇ ಅರ್ಥವೆನ್ನಿಸುವ ಇಂಗ್ಲಿಷ್ ಪದಗಳನ್ನು ಬಿಡಿಸಿ ತೋರಿಸುವುದು ಅವರ ಹುಚ್ಚು. ರೈಲಿನ ಸದ್ದು ತಾನಾಗಿ ಕಿವಿಗೆ ಬಿದ್ದರೆ ‘ಹಿಯರ್’, ನಮ್ಮ ರೈಲೇನೋ ಎಂದು ಕಿವಿಗೊಟ್ಟರೆ ‘ಲಿಸನ್’. ಕುಡುಗೋಲು ಇಸಿದುಕೊಂಡರೆ ‘ಬಾರೋ’, ಕೊಟ್ಟರೆ ‘ಲೆಂಡ್’. ಇಂಥ ಎಂಟುನೂರು ಜೋಡಿ ಆ ಪುಸ್ತಕದಲ್ಲಿದ್ದವು.

ಎರಡು ತಿಂಗಳ ಹಿಂದೆ ಮೇಷ್ಟರಿಗೆ ಪಾರ್ಶ್ವವಾಯು ಹೊಡೆದು ಬಲಗೈಯೂ ಮಾತೂ ಹೋಗಿದ್ದವು. ಅವರ ಮಾತು ಉಳಿದದ್ದು ಆ ಪುಸ್ತಕದಲ್ಲಿ ಮಾತ್ರ. ಸೋಮವಾರ ಅದನ್ನು ತರೀಕೆರೆಯ ಪ್ರೆಸ್ಸಿಗೆ ಕೊಡಲು ಪ್ರಜ್ಞಾ ಎಲ್ಲ ಏರ್ಪಾಡು ಮಾಡಿದ್ದಳು.

ಯಾರಾದರೂ ಬಂದಿದ್ದರೇ ಎಂದು ಮಾಲಿನಿ ಮೇಷ್ಟರನ್ನು ಕೇಳಿದಳು. ಅವರು ಗೋಡೆಯತ್ತ ಮುಖ ತಿರುಗಿಸಿದರು. ಅವಳಿಗೆ ಅಳು ಬರಬೇಕಿತ್ತು, ಬರಲಿಲ್ಲ. ಹತ್ತು ವರ್ಷದ ನೌಕರಿ ಒಳಗೆ ಏನನ್ನೋ ಮರಗಟ್ಟಿಸಿತ್ತು.

ಮೇಷ್ಟರ ಹೆಂಡತಿ ವನಜಾಕ್ಷಿ ಯಾರದೋ ಮನೆಯ ಸುದ್ದಿಯಂತೆ ಹೇಳಿದರು: “ದೀಪ ಹಚ್ಚಿದ್ಮೇಲೆ ಪಕ್ಕದ್ಮನೆ ಹಾಲಮ್ಮ ಹೆಪ್ಪು ಕೇಳ್ಕೊಂಡು ಹಿತ್ಲಿಗೆ ಬಂದ್ಲು. ಕೊಟ್ಟು ಬರೋಷ್ಟ್ರಲ್ಲಿ ಪುಸ್ತಕ ಹೋಗಿತ್ತು. ಮುಂಬಾಗ್ಲು ತೆಗ್ದೇ ಇತ್ತು.”

* * *

ಅನುಮಾನ ಕನಕರಾಜುವಿನ ಮೇಲೆ ಹೋಯಿತು. ಅವನೂ ಮೇಷ್ಟರ ಶಿಷ್ಯ, ಕಡೂರಿನಲ್ಲಿ ಇಂಗ್ಲಿಷ್ ಟ್ಯೂಷನ್ ನಡೆಸುತ್ತಿದ್ದ. ಹೋದ ತಿಂಗಳು ಎರಡು ಸಲ ಬಂದು ಪುಸ್ತಕ ಕೇಳಿದ್ದ.

ಟ್ಯೂಷನ್ ಗೋಡೆಯ ತುಂಬ ಅವೇ ಜೋಡಿಗಳು, ಅದೇ ರೈಲು, ಅದೇ ಕುಡುಗೋಲು. ಕಳ್ಳ ಸಿಕ್ಕ ಎಂದು ಹನುಮಂತಪ್ಪ ಮೀಸೆ ತೀಡಿದ. ಕನಕರಾಜು ಬೀರುವಿನಿಂದ ತನ್ನ ಹತ್ತನೇ ತರಗತಿಯ ನೋಟ್ಸ್ ತೆಗೆದಿಟ್ಟ. ಗೋಡೆಯಲ್ಲಿದ್ದುದೆಲ್ಲ ಅದರಲ್ಲಿತ್ತು, ಕೆಳಗೆ ಮೇಷ್ಟರ ಕೆಂಪು ಸಹಿಯೂ ಇತ್ತು. ಹಿಂದಿನ ಸಂಜೆ ಎಂಟರವರೆಗೆ ಅವನು ಪಾಠ ಮಾಡಿದ್ದಕ್ಕೆ ಮೂವತ್ತು ಮಕ್ಕಳು ಸಾಕ್ಷಿ.

“ಕೇಳಿದ್ದು ನಿಜ ಮೇಡಮ್. ಜೆರಾಕ್ಸ್ ಮಾಡಿಸ್ಕೊಂಡು ವಾಪಸ್ ಕೊಡೋಣ ಅಂತಿದ್ದೆ,” ಎಂದ.

ವಾಪಸಾಗುವಾಗ ಜೀಪಿನಲ್ಲಿ ಹನುಮಂತಪ್ಪನಿಗೆ ಹೆಂಡತಿಯ ಫೋನು ಬಂತು. ಮನೆಯಲ್ಲಿ ಮೊಸರು ಕೆಟ್ಟಿತ್ತು.

“ಈಗ್ಲೇ ಹೋಗಿ ಇಸ್ಕೊಳ್ಳೇ,” ಎಂದ ಅವನು. “ದೀಪ ಹಚ್ಚಿದ್ಮೇಲೆ ಹೆಪ್ಪು ಯಾರು ಕೊಡ್ತಾರೆ?”

ಮಾಲಿನಿ ಜೀಪನ್ನು ನೇರ ಶಿವನಿ ಹಳ್ಳಿಗೆ ಬಿಡಿಸಿದಳು.

* * *

ಮೊದಲು ಹಾಲಮ್ಮನನ್ನು ಕಂಡಳು. ಹೆಪ್ಪು ತಂದದ್ದು ನಿಜ, ಆದರೆ ಮಧ್ಯಾಹ್ನ ಮೂರಕ್ಕೆ ಎಂದಳು ಹಾಲಮ್ಮ. “ಮುಸ್ಸಂಜೆ ಹೆಪ್ಪು ಕೇಳಿದ್ರೆ ಆ ಮನೆ ಲಕ್ಷ್ಮೀನೇ ಕೇಳ್ದಂಗೆ ಕಣವ್ವಾ.”

ಮಾಲಿನಿ ವನಜಾಕ್ಷಿಯವರ ಎದುರು ಕುಳಿತಳು. ಪುಸ್ತಕ ಐದರವರೆಗೆ ಇದ್ದದ್ದನ್ನು ಪ್ರಜ್ಞಾ ಕಂಡಿದ್ದಳು. ಆಮೇಲೆ ಹಿತ್ತಲಿಗೆ ಹೋಗಿದ್ದೆ ಎನ್ನಲು ವನಜಾಕ್ಷಿಯವರಿಗೆ ಒಂದು ಕಾರಣ ಬೇಕಿತ್ತು. ಸುಳ್ಳು ಹೇಳಿ ರೂಢಿಯಿಲ್ಲದವರು ಮಧ್ಯಾಹ್ನ ನಡೆದದ್ದನ್ನೇ ಎಳೆದು ಸಂಜೆಗೆ ಇಟ್ಟಿದ್ದರು. ಇಷ್ಟನ್ನು ಮಾಲಿನಿ ಮೆಲ್ಲಗೆ ಹೇಳಿದಳು. ಮನೆಗೆ ಯಾರೂ ಬಂದಿರಲಿಲ್ಲ. ಪುಸ್ತಕ ಹೊರಗೆ ಹೋಗಿರಲಿಲ್ಲ.

ವನಜಾಕ್ಷಿ ಎದ್ದು ರಾಗಿ ಡ್ರಮ್ಮಿನೊಳಗೆ ಕೈಹಾಕಿ ಪುಸ್ತಕ ತೆಗೆದರು.

“ಯಾಕಮ್ಮಾ?” ಎಂದಳು ಪ್ರಜ್ಞಾ.

“ದಿನಾ ಬೆಳಿಗ್ಗೆ ಪುಟ ತೆಗೀತಾರೆ. ಬೆರಳಿಟ್ಟು ಹೇಳೋಕ್ ನೋಡ್ತಾರೆ, ಬರಲ್ಲ. ಅವ್ರ ಮಾತು ಹೋಗಿದ್ದು ಒಂದ್ಸಲ ಅಲ್ಲ ಕಣೇ, ದಿನಾ ಹೋಗ್ತೈತೆ. ನನ್ ಕೈಲಿ ನೋಡೋಕಾಗ್ಲಿಲ್ಲ. ಸುಟ್ಬಿಡೋಣ ಅಂತ ಒಲೆ ತಂಕ ಒಯ್ದೆ. ಅದೂ ಆಗ್ಲಿಲ್ಲ.”

ಮಾಲಿನಿ ಮೇಷ್ಟರನ್ನು ನೋಡಿದಳು. ಕಣ್ಣೆದುರೇ ನಡೆದದ್ದನ್ನು ಅವರು ಕಂಡಿದ್ದರು. ಹೆಂಡತಿಯನ್ನು ತೋರಿಸಿಕೊಡಲು ಎಡಗೈಯ ಒಂದು ಬೆರಳು ಸಾಕಿತ್ತು, ಆದರೂ ಎತ್ತಿರಲಿಲ್ಲ.

ಈಗ ಆ ಕೈ ಚಾಚಿದರು. ವನಜಾಕ್ಷಿ ಪುಸ್ತಕ ಕೊಟ್ಟರು. ಮೇಷ್ಟರು ಅದನ್ನು ತೆರೆಯಲಿಲ್ಲ. ಮಗಳ ಮಡಿಲಿಗಿಟ್ಟು, ಒಯ್ಯಿ ಎಂದು ಬಾಗಿಲು ತೋರಿಸಿದರು. ಬರಿದಾದ ಕೈಯಿಂದ ಹೆಂಡತಿಯ ಕೈ ಹಿಡಿದುಕೊಂಡರು.

ಎರಡು ತಿಂಗಳಿಂದ ಒಂದು ಹನಿ ಕಣ್ಣೀರು ಹಾಕದಿದ್ದ ವನಜಾಕ್ಷಿ ಆಗ ಅತ್ತರು.