ಹೆಲ್ಕಾ ಉಜ್ಜಿದ ವಾಲ್ವುಗಳು

"ಮೂವತ್ತೆಂಟನೇ ನಂಬರ್ ಕಾರು ಮಾರಾಟವಾಗಿದೆ," ಎಂದು ಮೈಕು ಹೇಳಿತು.

ಹೆಲ್ಕಾ ಸಾಸೇಜು ಅಗಿಯುವುದನ್ನು ನಿಲ್ಲಿಸಿದಳು. ಮೂವತ್ತೆಂಟು ಅವರದೇ ಕಾರು. ಅಪ್ಪ ಈಗಷ್ಟೇ ಫೈನಲ್ ಗೆದ್ದ ಕಾರು. ಅದರ ಬಾನೆಟ್ ಇನ್ನೂ ಮುಟ್ಟಲಾಗದಷ್ಟು ಬಿಸಿಯಿತ್ತು.

"ಅಪ್ಪಾ, ತಪ್ಪು ನಂಬರ್ ಹೇಳಿದ್ರು ಅಲ್ವಾ?"

ಅಪ್ಪ ಯಾರ್ಮೊ ಹೆಲ್ಮೆಟ್ ಹಿಡಿದುಕೊಂಡು ನಿಂತಿದ್ದ. ಮೈಕು ಅದನ್ನೇ ಇನ್ನೊಂದು ಸಲ ಹೇಳಿತು. ಅಪ್ಪನ ಮುಖಕ್ಕೆ ಮೆತ್ತಿದ್ದ ಮಣ್ಣು ಹಾಗೇ ಇತ್ತು. ಅದರಡಿಯ ಬಣ್ಣ ಇಳಿದುಹೋಗಿತ್ತು.

"ಸರಿಯಾಗೇ ಹೇಳಿದ್ರು."

ಈ ರೇಸಿನ ನಿಯಮ ಎಲ್ಲರಿಗೂ ಗೊತ್ತು. ರೇಸ್ ಮುಗಿದ ಮೇಲೆ ಯಾವ ಕಾರನ್ನಾದರೂ, ಬೇರೆ ಯಾವ ಡ್ರೈವರ್ ಬೇಕಾದರೂ ನಿಗದಿ ಬೆಲೆಗೆ ಕೇಳಬಹುದು. ಗೆದ್ದ ಕಾರಿಗೂ ಸೋತ ಕಾರಿಗೂ ಅದೇ ಬೆಲೆ. ಯಾರೂ ತಮ್ಮ ಕಾರಿನ ಮೇಲೆ ವಿಪರೀತ ಹಣ ಸುರಿಯದಿರಲಿ ಎಂದೇ ಹೀಗೆ ಮಾಡಿದ್ದು.

ಅಪ್ಪ ಹಣ ಸುರಿದಿರಲಿಲ್ಲ. ಆದರೆ ಚಳಿಗಾಲವೆಲ್ಲ ಶೆಡ್ಡಿನಲ್ಲೇ ಕಳೆದಿದ್ದ. ವಾಲ್ವುಗಳೆಂದರೆ ಎಂಜಿನ್ನಿನ ಬಾಗಿಲುಗಳು. ಅವು ತೆರೆದಾಗ ಹೆಚ್ಚು ಗಾಳಿ ನುಗ್ಗಲಿ ಎಂದು ಒಂದೊಂದರ ಕುತ್ತಿಗೆಯನ್ನೂ ಲೇತಿನಲ್ಲಿ ಸಣ್ಣ ಮಾಡಿದ್ದ, ಅಂಚನ್ನು ತೆಳುವಾಗಿ ಕೆತ್ತಿದ್ದ. ಆಮೇಲಿನದು ಹೆಲ್ಕಾಳ ಕೆಲಸ. ಅಂಚಿಗೆ ಬೂದು ಬಣ್ಣದ ಉಜ್ಜುವ ಪೇಸ್ಟು ಹಚ್ಚಿ, ವಾಲ್ವನ್ನು ಅದರ ಗೂಡಿನಲ್ಲಿ ಕೂರಿಸಿ, ರಬ್ಬರ್ ತುದಿಯ ಕೋಲನ್ನು ವಾಲ್ವಿಗೆ ಅಂಟಿಸಿ, ಎರಡೂ ಅಂಗೈ ನಡುವೆ ಕಡಗೋಲಿನಂತೆ ತಿರುಗಿಸಬೇಕು. ಅಂಚಿನ ಸುತ್ತ ಎಲ್ಲೂ ತುಂಡಾಗದ ಬೂದು ಉಂಗುರ ಮೂಡಬೇಕು. ಸೀಮೆಎಣ್ಣೆ ಸುರಿದು ನೋಡಿದಾಗ ಒಂದು ಹನಿ ಸೋರಿದರೂ ಮತ್ತೆ ಮೊದಲಿನಿಂದ. ಅವಳ ಅಂಗೈಯಲ್ಲಿ ಬೊಬ್ಬೆಗಳು ಎದ್ದು, ಒಡೆದು, ಗಟ್ಟಿಯಾಗಿದ್ದವು.

"ಕೊಡಲ್ಲ ಅನ್ನು ಅಪ್ಪಾ."

"ಕೊಡಲ್ಲ ಅಂದ್ರೆ ರೇಸ್ ಲೈಸೆನ್ಸ್ ಕಿತ್ಕೋತಾರೆ. ಸುಮ್ನಿರು."

ಒಂದು ವ್ಯಾನು ಖಾಲಿ ಟ್ರೈಲರ್ ಎಳೆದುಕೊಂಡು ಬಂದು ನಿಂತಿತು. ಅದರಿಂದ ರೋನಿ ಇಳಿದ. ರೋನಿ ಹೆಲ್ಕಾಳ ಕ್ಲಾಸಿನವನು. ಹಿಂದೆಯೇ ಅವನ ಅಮ್ಮ ಮಿರ್ವಾ ಇಳಿದಳು. ಬೆಳಗ್ಗೆ ಮೊದಲ ಸುತ್ತಿನಲ್ಲೇ ಅವಳ ಕಾರು ಹೊಗೆ ಕಾರುತ್ತಾ ನಿಂತುಹೋಗಿತ್ತು.

"ನೀನಾ?" ಎಂದಳು ಹೆಲ್ಕಾ.

"ಅಮ್ಮ ತಗೊಂಡಿದ್ದು. ನಂಗೇನು ಲೈಸೆನ್ಸ್ ಇದ್ಯಾ?"

"ಇಷ್ಟು ಕಾರಲ್ಲಿ ನಮ್ದೇ ಯಾಕೆ?"

"ನೀನೇ ಹೇಳಿದ್ಯಲ್ಲ, ಪೂರಾ ಫಿನ್‌ಲ್ಯಾಂಡಲ್ಲೇ ಇಂಥ ವಾಲ್ವ್ ಇಲ್ಲ ಅಂತ. ಸ್ಕೂಲಲ್ಲಿ ಊಟಕ್ಕೆ ಕೂತಾಗ, ಬಟಾಣಿ ಸೂಪು ಆರೋ ತನಕ ಅದೇ ಮಾತು. ನಾನು ಅಮ್ಮಂಗೆ ಹೇಳ್ದೆ."

ಹೆಲ್ಕಾಳ ಕಿವಿ ಗುಯ್ ಎಂದಿತು. ಅಪ್ಪನಿಗೂ ಕೇಳಿಸಿತ್ತು. ಅವನು ಅವಳ ಕಡೆ ತಿರುಗಲಿಲ್ಲ.

ಮಿರ್ವಾ ಅಪ್ಪನ ಕೈ ಕುಲುಕಿದಳು. "ಬೇಜಾರು ಮಾಡ್ಕೋಬೇಡ ಯಾರ್ಮೊ. ನನ್ನ ಎಂಜಿನ್ ಸತ್ತೇಹೋಯ್ತು. ಇದ್ರಲ್ಲಿ ವಿಶೇಷವಾಗಿ ಏನಾದ್ರೂ ನೋಡ್ಕೋಬೇಕಾ?"

"ಏನಿಲ್ಲ," ಎಂದ ಅಪ್ಪ. "ಎಲ್ಲಾ ಕಂಪನಿ ಪುಸ್ತಕದಲ್ಲಿರೋ ಹಾಗೇ."

ಹೆಲ್ಕಾ ತಟ್ಟನೆ ತಲೆ ಎತ್ತಿದಳು.

ಪುಸ್ತಕದಲ್ಲಿರುವ ಹಾಗೆ ಅಲ್ಲವೇ ಅಲ್ಲ. ಆ ತೆಳು ಅಂಚಿನ ವಾಲ್ವುಗಳಿಗೆ ಟ್ಯಾಪೆಟ್ ಗ್ಯಾಪು, ಅಂದರೆ ಅವನ್ನು ಒತ್ತಿ ತೆರೆಯುವ ತೋಳಿಗೂ ಅವಕ್ಕೂ ನಡುವಿನ ಸಂದು, ಜಾಸ್ತಿ ಬಿಡಬೇಕು. ಪುಸ್ತಕದ ಅಳತೆ ಇಟ್ಟರೆ ಬಿಸಿಯಲ್ಲಿ ವಾಲ್ವು ಪೂರ್ತಿ ಮುಚ್ಚುವುದಿಲ್ಲ, ಅಂಚು ಸುಟ್ಟುಹೋಗುತ್ತದೆ. ಇದನ್ನು ಅಪ್ಪನೇ ಚಳಿಗಾಲವೆಲ್ಲ ಹೇಳಿದ್ದ, ಅವಳಿಂದ ಹೇಳಿಸಿಯೂ ಇದ್ದ.

ಅಪ್ಪ ಹೆಲ್ಮೆಟ್ಟಿನ ಪಟ್ಟಿಯನ್ನು ಎಳೆದು ಎಳೆದು ನೋಡುತ್ತಿದ್ದ.

ಸುಳ್ಳು ಹೇಳಿದ. ನಮ್ಮಪ್ಪ. ಹೆಲ್ಕಾಳಿಗೆ ಮೈಕಿನ ಮಾತು ಕೇಳಿದಾಗಲೂ ಇಷ್ಟು ಕೆಟ್ಟದೆನಿಸಿರಲಿಲ್ಲ.

ಕಾರು ಟ್ರೈಲರ್ ಏರಿತು. ರೋನಿ ಚಕ್ರಕ್ಕೆ ಬೆಲ್ಟು ಬಿಗಿಯತೊಡಗಿದ. ಸುಡಲಿ ಬಿಡು, ಎಂದುಕೊಂಡಳು ಹೆಲ್ಕಾ. ಎರಡೇ ರೇಸು. ಆಮೇಲೆ ರೋನಿ ಮುಖ ಜೋತುಹಾಕಿಕೊಂಡು ಸ್ಕೂಲಿಗೆ ಬರಲಿ.

ಆದರೆ ಕಣ್ಣ ಮುಂದೆ ಬಂದದ್ದು ರೋನಿಯ ಮುಖವಲ್ಲ. ಆ ಬೂದು ಉಂಗುರ, ಅದರ ಒಂದು ಕಡೆ ಸುಟ್ಟು ಕರಕಲಾಗಿ ಕಿತ್ತುಹೋದ ಜಾಗ.

ಅವಳು ಟ್ರೈಲರ್ ಬಳಿ ನಡೆದಳು.

"ಮಿರ್ವಾ, ಎಕ್ಸಾಸ್ಟ್ ವಾಲ್ವಿಗೆ ಪುಸ್ತಕದ ಗ್ಯಾಪು ಇಡ್ಬೇಡಿ. ಪಾಯಿಂಟ್ ನಾಲ್ಕು ಮಿಲಿಮೀಟರ್ ಇಡಿ. ಪ್ರತಿ ರೇಸ್ ಆದ್ಮೇಲೆ, ಎಂಜಿನ್ ಪೂರ್ತಿ ತಣ್ಣಗಾದಾಗ ಅಳತೆ ನೋಡಿ. ಇಲ್ಲಾಂದ್ರೆ ಸುಟ್ಟುಹೋಗುತ್ತೆ."

ಮಿರ್ವಾ ಅವಳನ್ನು ನೋಡಿದಳು. ಆಮೇಲೆ ಅವಳ ತಲೆಯ ಮೇಲಿಂದ ಯಾರ್ಮೊನನ್ನು ನೋಡಿದಳು. ಸ್ವಲ್ಪ ಹೊತ್ತು ನೋಡಿದಳು.

"ಅಮ್ಮಾ, ಇವಳನ್ನ ನಂಬಬಹುದಾ?" ಎಂದ ರೋನಿ.

"ನಂಬಬೇಡ ಹೋಗು," ಎಂದಳು ಹೆಲ್ಕಾ. "ಸುಟ್ರೆ ನಿಮ್ದೇ ಸುಡೋದು."

"ಪಾಯಿಂಟ್ ನಾಲ್ಕು," ಎಂದಳು ಮಿರ್ವಾ. "ಸರಿ."

ಮನೆಗೆ ಹೋಗುವಾಗ ಅವರ ಟ್ರೈಲರ್ ಖಾಲಿಯಾಗಿ ಹಿಂದೆ ಗಡಗಡ ಎನ್ನುತ್ತಿತ್ತು. ಮರದ ಮಿಲ್ಲು ದಾಟಿದ ಮೇಲೆ ಅಪ್ಪ ಕೇಳಿದ:

"ಎಷ್ಟು ಅಂದೆ ಅವಳಿಗೆ?"

"ಪಾಯಿಂಟ್ ನಾಲ್ಕು."

ಎದುರಿನಿಂದ ಲಾರಿಯೊಂದು ಹಾದುಹೋಯಿತು. ಅದು ಹೋದ ಮೇಲೂ ಅಪ್ಪ ರಸ್ತೆಯನ್ನೇ ನೋಡುತ್ತಿದ್ದ.

"ಸರಿಯಾಗೇ ಹೇಳಿದ್ದೀಯ," ಎಂದ.

ಅವನ ಕಿವಿ, ಕುತ್ತಿಗೆ ಎಲ್ಲ ಕೆಂಪಾಗಿದ್ದವು. ವ್ಯಾನಿನೊಳಗೆ ಅಷ್ಟೇನೂ ಸೆಕೆ ಇರಲಿಲ್ಲ. ಹೆಲ್ಕಾ ಒಮ್ಮೆ ನೋಡಿದಳು. ಆಮೇಲೆ, ಅವನಿಗೆ ಇನ್ನಷ್ಟು ನಾಚಿಕೆಯಾಗದಿರಲೆಂದು ಅವನ ಕಡೆ ನೋಡದೆ, ಕಿಟಕಿಗೆ ಹಣೆ ಒತ್ತಿಕೊಂಡು, ಮನೆ ಬರುವ ತನಕ ಹೊರಗಿನ ಮರಗಳನ್ನೇ ನೋಡುತ್ತಾ ಕೂತಳು.