ಅವಳು ಹಿಡಿದರೆ ತಣ್ಣಗಾಗುವ ಕೈ

"ಕೈ ಕೊಡಿ," ಎಂದಳು ಅವಳು.

"ಹೃದಯ ಆಗಲೇ ಕೈ ಕೊಟ್ಟಾಯ್ತು ಮೇಡಂ. ಇನ್ನು ನಾನೂ ಕೊಡಬೇಕಾ?"

ಸೂಕ್ಷ್ಮದರ್ಶಕದ ಮೇಲೆ ಬಗ್ಗಿದ್ದವಳು ಥಟ್ಟನೆ ತಲೆ ಎತ್ತಿದಳು. ಎದುರಿನ ಸ್ಟೂಲಿನ ಮೇಲೆ ಕೂತವನು ನಗುತ್ತಿದ್ದ. ಹಜಾರ ದಾಟಿ ಬಂದ ಏದುಸಿರು ಇನ್ನೂ ಇಳಿದಿರಲಿಲ್ಲ, ಆದರೂ ನಗುತ್ತಿದ್ದ.

ನಗಬಾರದು ಎಂದುಕೊಂಡಳು. ನಕ್ಕೇಬಿಟ್ಟಳು.

ಅವನ ಬೆರಳು ಹಿಡಿದಳು. ಮಂಜುಗಡ್ಡೆ ಮುಟ್ಟಿದ ಹಾಗಾಯಿತು!

ಆಸ್ಪತ್ರೆಯಲ್ಲಿ ಅವಳ ಕೆಲಸ ಅದೇ. ಉಗುರಿನ ಬುಡದ ಚರ್ಮಕ್ಕೆ ಒಂದು ಹನಿ ಎಣ್ಣೆ ಬಿಟ್ಟು, ಅಲ್ಲಿ ಕೂದಲಿಗಿಂತ ಸಣ್ಣಗಿರುವ ನಾಳಗಳಲ್ಲಿ ರಕ್ತ ಹೇಗೆ ಹರಿಯುತ್ತಿದೆ ಎಂದು ಸೂಕ್ಷ್ಮದರ್ಶಕಕ್ಕೆ ಜೋಡಿಸಿದ ಪರದೆಯ ಮೇಲೆ ನೋಡುವುದು. ಪಕ್ಕದ ಹಾಲ್‌ನಲ್ಲಿ ವ್ಯಾಯಾಮದ ಸೈಕಲ್‌ಗಳು. ವರ್ಷಗಳಿಂದ ಹೃದಯ ದುರ್ಬಲವಾಗಿರುವವರು ಅಲ್ಲಿ ಬಂದು ತುಳಿಯುತ್ತಾರೆ. ದಿನಾ ಮೈ ದಣಿಸಿದರೆ ಈ ಸಣ್ಣ ನಾಳಗಳು ಮತ್ತೆ ಅರಳುತ್ತವೆ, ಮೈಯ ಮೂಲೆಮೂಲೆಗೂ ರಕ್ತ ಸಲೀಸಾಗಿ ತಲುಪುತ್ತದೆ, ಸೋತ ಹೃದಯದ ಭಾರ ಅಷ್ಟು ಇಳಿಯುತ್ತದೆ... ಇದು ಅಲ್ಲಿನ ಡಾಕ್ಟರರ ನಂಬಿಕೆ.

"ಏನು ಕೆಲಸ ನಿಮ್ಮದು?"

"ಬೀಗ ರಿಪೇರಿ. ಕೀಲಿ ಕಳ್ಕೊಂಡವರ ಬೀಗ ತೆಗೆಯೋದು. ಒಳಗಿನ ಸಣ್ಣ ಅಲುಗಾಟ ಬೆರಳಿಗೆ ತಿಳೀಬೇಕು ಮೇಡಂ. ಈಗ ಬೆರಳು ಮರಗಟ್ಟಿ ಹೋಗಿದೆ. ಅಂಗಡಿಗೇ ಬೀಗ ಹಾಕಿ ಬಂದಿದ್ದೀನಿ."

ಅದನ್ನೂ ಅವನು ನಗುತ್ತಲೇ ಹೇಳಿದ. ಅವಳಿಗೆ ಮಾತ್ರ ಎದೆಯಲ್ಲಿ ಏನೋ ಚುಚ್ಚಿತು.

ಅಂದಿನಿಂದ ಸೈಕಲ್ ಹಾಲ್‌ನ ಬಾಗಿಲ ಕಡೆಗೇ ಅವಳ ಕಿವಿ. ಅವನ ದನಿ ಕೇಳಿದರೆ ಸಾಕು, ಎಣ್ಣೆಯ ಹನಿ ಒಂದರ ಬದಲು ಎರಡು ಬೀಳುತ್ತಿತ್ತು.

"ನಿನ್ನ ಬೀಗರು ಬಂದ್ರು ನೋಡು," ಎನ್ನುತ್ತಿದ್ದರು ಮಾಮ. ಅವಳಿಗೆ ಈ ಕೆಲಸ ಕಲಿಸಿದ ಹಿರಿಯ ತಂತ್ರಜ್ಞರು ಅವರು. ಆಸ್ಪತ್ರೆಗೆಲ್ಲ ಮಾಮ.

"ಬೀಗದವರು ಅನ್ನಿ ಮಾಮ. ಬೀಗರು ಅಂದ್ರೆ ಸಂಬಂಧ ಕುದುರಿಸಿದ ಹಾಗಾಗುತ್ತೆ."

"ಕುದುರಲಿ ಬಿಡು. ನನಗೇನು ನಷ್ಟ?"

ಅವಳು ಮುಖ ತಿರುಗಿಸಿಕೊಂಡಳು. ಕೆನ್ನೆ ಕೆಂಪಾಗಿದ್ದು ಅವರಿಗೆ ಕಾಣದೆ ಇರಲಿಲ್ಲ.

ಕೆಲವು ವಾರಗಳ ಮೇಲೆ ಮರುಪರೀಕ್ಷೆಯ ದಿನ ಬಂತು. ಸೈಕಲ್‌ಗಳು ಕಡಿಮೆ, ಕಾಯುವವರು ಹೆಚ್ಚು. ನಾಳಗಳಲ್ಲಿ ಸುಧಾರಣೆ ಕಾಣದಿದ್ದರೆ ಅವನ ಜಾಗ ಬೇರೊಬ್ಬರಿಗೆ ಹೋಗುತ್ತದೆ. ಅವನಿಗೆ ಉಳಿಯುವುದು ಮಾತ್ರೆ, ಮುಚ್ಚಿದ ಅಂಗಡಿ ಅಷ್ಟೇ.

*ಸುಧಾರಿಸಿರಲಿ... ದಯವಿಟ್ಟು ಸುಧಾರಿಸಿರಲಿ...*

ಬೆರಳು ಹಿಡಿದಳು. ಅದೇ ಮಂಜುಗಡ್ಡೆ. ಪರದೆಯ ಮೇಲೆ ನಾಳಗಳು ಮುದುಡಿ ದಾರದ ಎಳೆಯಂತಾಗಿದ್ದವು. ರಕ್ತ ತೆವಳುತ್ತಿತ್ತು.

ಅವಳ ಕಣ್ಣು ಕತ್ತಲಿಟ್ಟಿತು. ಆಸೆ ಇಟ್ಟುಕೊಂಡವರಿಗೇ ಸಿಟ್ಟು ಬೇಗ ಬರುವುದು.

"ಮನೇಲಿ ವ್ಯಾಯಾಮ ಮಾಡ್ತಿದ್ದೀರಾ?"

"ಮಾಡ್ತಿದ್ದೀನಿ."

"ಸುಳ್ಳು ಹೇಳ್ಬೇಡಿ. ಮೊದಲಿಗಿಂತ ಕೆಟ್ಟಿದೆ. ನಿಮ್ಮ ಜೀವದ ಬಗ್ಗೆ ನಿಮಗೇ ಇಷ್ಟು ತಾತ್ಸಾರ ಇದ್ರೆ ನಾನು ಯಾಕೆ ಇಲ್ಲಿ ಕಣ್ಣು ಹಾಳು ಮಾಡ್ಕೋಬೇಕು?"

ಅವನು ತನ್ನ ಬೆರಳನ್ನು ನೋಡಿದ. ಆ ಬೆರಳು ಹಿಡಿದ ಅವಳ ಕೈಯನ್ನು ನೋಡಿದ.

"ಯಂತ್ರ ಹೇಳಿದ್ದೇ ನಿಜ ಅಂತಿಟ್ಕೊಳ್ಳಿ ಮೇಡಂ," ಎಂದು ಎದ್ದು ಹೋದ. ಆ ದಿನ ಮೊದಲ ಸಲ ಅವನು ನಗಲಿಲ್ಲ.

ಮರುದಿನ ಅವನು ಬರಲಿಲ್ಲ. ಅವನ ಅಕ್ಕ ಬಂದಳು. ಬಾಗಿಲಲ್ಲೇ ಸೊಂಟಕ್ಕೆ ಕೈಯಿಟ್ಟು ನಿಂತಳು.

"ನನ್ನ ತಮ್ಮನ್ನ ಸುಳ್ಳುಗಾರ ಅಂದೋರು ಯಾರು?"

"ನಾನೇ..."

"ದಿನಾ ಬೆಳಗ್ಗೆ ಓಣಿ ಪೂರ್ತಿ ನಡೀತಾನಮ್ಮ ಅವನು. ಎಲ್ಲಿ ಬೀಳ್ತಾನೋ ಅಂತ ಹಿಂದೆ ಹಿಂದೆ ನಡೆದು ನನ್ನ ಮೊಣಕಾಲು ಹೋಯ್ತು. ಅವನಿಗೇನೂ ಆಗ್ಲಿಲ್ಲ!"

"ಹಾಗಾದ್ರೆ ಕೈ ಯಾಕೆ ಅಷ್ಟು ತಣ್ಣಗೆ?"

"ತಣ್ಣಗಾ? ಮೊನ್ನೆ ನನಗೆ ಮೈ ಬಿಸಿ ಅಂತ ಹಣೆ ಮುಟ್ಟಿ ನೋಡಿದ. ಅವನ ಕೈಯೇ ಬೆಚ್ಚಗಿತ್ತು. ಮನೇಲಿ ಕೂತು ಹಳೇ ಬೀಗಗಳನ್ನ ಒಂದೊಂದಾಗಿ ತೆಗೀತಿದ್ದಾನೆ. ಬೆರಳಿಗೆ ಜೀವ ಬಂತು ಅಕ್ಕ ಅಂತ ಕುಣೀತಿದ್ದ. ನಿನ್ನೆ ಇಲ್ಲಿಂದ ಬಂದವನು ಊಟಕ್ಕೂ ಏಳಲಿಲ್ಲ."

ಅವಳು ಗರ ಬಡಿದವಳಂತೆ ನಿಂತಳು. ಮನೆಯಲ್ಲಿ ಬೆಚ್ಚಗೆ, ಇಲ್ಲಿ ತಣ್ಣಗೆ? ಹೇಗೆ?

"ಅಕ್ಕಾ, ಅವರನ್ನ ಈಗಲೇ ಕರ್ಕೊಂಡು ಬನ್ನಿ. ಈ ಸಲ ನಾನು ನೋಡಲ್ಲ. ಮಾಮ ನೋಡ್ತಾರೆ."

ಅಕ್ಕ ಅವನನ್ನು ಎಳೆದುಕೊಂಡೇ ಬಂದಳು ಎನ್ನಬೇಕು. ಮಾಮ ಬೆರಳು ಹಿಡಿದರು. ಅವಳು ಬಾಗಿಲ ಹೊರಗೆ ಉಸಿರು ಬಿಗಿಹಿಡಿದು ನಿಂತಳು.

"ಏ ಹುಡುಗಿ, ಬಾ ಇಲ್ಲಿ! ರಕ್ತ ನೋಡು, ಶಾಲೆ ಬಿಟ್ಟ ಮಕ್ಕಳ ಹಾಗೆ ಓಡ್ತಿದೆ!"

ಓಡಿ ಬಂದಳು. ನಿಜ! ನಾಳಗಳು ಅರಳಿ ನಿಂತಿದ್ದವು. ಸಂತೋಷದಲ್ಲಿ ತನಗರಿವಿಲ್ಲದೆ ಅವನ ಮಣಿಕಟ್ಟು ಹಿಡಿದುಕೊಂಡಳು.

ಅವಳ ಕಣ್ಣೆದುರೇ ನಾಳಗಳು ಮುದುಡಿದವು.

"ಕೈ ಬಿಡು," ಎಂದರು ಮಾಮ. ಬಿಟ್ಟಳು. ಸ್ವಲ್ಪ ಹೊತ್ತಿಗೆ ಅರಳಿದವು.

"ಹಿಡಿ." ಹಿಡಿದಳು. ಮುದುಡಿದವು.

ಮಾಮ ಕನ್ನಡಕ ತೆಗೆದು ಒರೆಸಿಕೊಂಡರು. "ಮನಸ್ಸು ಗಾಬರಿಯಾದ್ರೆ, ಕುಣಿದ್ರೆ ಬೆರಳಿನ ನಾಳ ಮುದುಡ್ಕೊಳ್ಳುತ್ತೆ. ಕೆಲಸಕ್ಕೆ ಸೇರಿದ ದಿನವೇ ಹೇಳಿಕೊಟ್ಟಿದ್ದೆ. ಕಾಯಿಲೆ ನೋಡಿದೆ, ಕಾಯಿಲೆಯವನ ಮುಖ ನೋಡಲಿಲ್ಲ ನೀನು. ಸೈಕಲ್ ಇವನದ್ದೇ ಅಂತ ಡಾಕ್ಟರಿಗೆ ಹೇಳ್ತೀನಿ. ಬಾಮ್ಮ ಅಕ್ಕ, ನೀನೂ ಬಾ."

"ನಾನ್ಯಾಕೆ?" ಎಂದ ಅಕ್ಕ, ತಮ್ಮನ ಮುಖ ನೋಡಿ, ಸುಮ್ಮನೆ ಹಿಂದೆ ಹೋದಳು.

ಕೋಣೆಯಲ್ಲಿ ಇಬ್ಬರೇ.

"ಸುಳ್ಳುಗಾರ ಅಂದುಬಿಟ್ಟೆ... ಕ್ಷಮಿಸಿ. ನಿನ್ನೆಯೇ ಹೇಳಬಹುದಿತ್ತಲ್ಲ?"

"ಏನಂತ? ನೀವು ಹಿಡಿದ್ರೆ ನನ್ನ ರಕ್ತ ನಿಲ್ಲುತ್ತೆ ಅಂತಲಾ? ಈ ಆಸ್ಪತ್ರೆಯಲ್ಲಿ ಆ ಮಾತು ಆಡಿದ್ರೆ ಎತ್ತಿ ಸ್ಟ್ರೆಚರ್ ಮೇಲೆ ಮಲಗಿಸ್ತಿದ್ರು."

ನಗುವೂ ಅಳುವೂ ಅವಳಿಗೆ ಒಟ್ಟಿಗೇ ಬಂದವು.

"ಇನ್ಮೇಲೆ ನಿಮ್ಮ ಕೈ ನಾನು ನೋಡಲ್ಲ," ಎಂದಳು.

ಅವನ ಮುಖ ಇಳಿದುಹೋಯಿತು.

"ಸೂಕ್ಷ್ಮದರ್ಶಕದಲ್ಲಿ ಅಂದೆ. ಅದನ್ನ ಮಾಮ ನೋಡ್ಲಿ. ಹಿಡಿಯೋದು... ನಾನೇ."

ಅವನು ತನ್ನ ಬೆರಳುಗಳನ್ನು ಮಡಚಿ ಬಿಚ್ಚಿ ನೋಡಿಕೊಂಡ. ಆಮೇಲೆ ಮೆಲ್ಲಗೆ ಹೇಳಿದ. "ಯೋಚನೆ ಮಾಡಿ. ಇದು ಪೂರ್ತಿ ಗುಣ ಆಗೋ ಕಾಯಿಲೆ ಅಲ್ಲ. ನಿಮಗೆ ಗೊತ್ತಲ್ಲ?"

"ಗೊತ್ತು. ನಾನು ಇಲ್ಲೇ ಕೆಲಸ ಮಾಡೋದು."

ಇಬ್ಬರೂ ಹಜಾರಕ್ಕೆ ಬಂದರು. ಕಿಟಕಿಗಳ ಬಿಸಿಲು ನೆಲದ ಮೇಲೆ ಚೌಕಚೌಕವಾಗಿ ಬಿದ್ದಿತ್ತು. ಅವನು ಅವಳ ಹೆಜ್ಜೆಗೆ ಹೆಜ್ಜೆ ಸೇರಿಸಿದ. ಬೆರಳಿಗೆ ಬೆರಳು ತಾನಾಗಿಯೇ ಸಿಕ್ಕಿಕೊಂಡಿತು.

"ನಡಿಗೆ ಜಾಸ್ತಿ ಆಯ್ತು ಅಂತ ತಿಳಿಯೋದು ಹೇಗೆ?" ಎಂದು ಕೇಳಿದ.

"ನಡೀತಾ ಮಾತಾಡೋಕೆ ಆಗಬೇಕು. ಆಗ್ಲಿಲ್ಲ ಅಂದ್ರೆ ಜಾಸ್ತಿ."

"ನನಗೆ ಆಗ್ತಿದೆ. ನೀವೇ ಆಗಿಂದ ಮಾತಾಡ್ತಿಲ್ಲ."

"ನನಗೆ ಉಸಿರು ಸಿಗ್ತಿಲ್ಲ."

"ನಿಲ್ಲೋಣ್ವಾ?"

"ಬೇಡ," ಎಂದಳು ಅವಳು. "ನಡಿ."